ಕರ್ಪೂರಕ್ಕಾಗಿ ನಡೆದ ವ್ಯಾಜ್ಯ

ಮಂಗಳಾರತಿಯ ತಟ್ಟೆಯಲ್ಲಿ ಕ್ಷಣಕಾಲ ಉರಿದು, ಬೂದಿಯನ್ನೂ ಉಳಿಸದೆ ಮಾಯವಾಗುವ ಕರ್ಪೂರವು ಕಡಲಾಚೆಯಲ್ಲಿ ಏಳು ವರ್ಷಗಳ ನ್ಯಾಯಾಲಯದ ಕಲಹಕ್ಕೆ ಕಾರಣವಾಗಿದ್ದಿತೆಂದರೆ ವಾಚಕರಿಗೆ ಸೋಜಿಗವೆನಿಸಬಹುದು.

ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳಿಂದ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ದೊರೆಯುತ್ತದೆ. ಕಿಡಿ ತಗುಲಿದರೆ ಭಗ್ಗನೆ ಉರಿಯುವ ಈ ವಸ್ತುವನ್ನು ಇಂಗ್ಲೆಂಡಿನ ಅಲೆಗ್ಸಾಂಡರ್ ಪಾರ್ಕ್ಸ್ ಎಂಬಾತನು ದ್ರಾವಕಗಳಲ್ಲಿ ಮೆದುಮಾಡಿ, ಗುಂಡಿ, ಬಾಚಣಿಗೆಗಳನ್ನು ರೂಪಿಸಿ, ೧೮೬೨ರ ಲಂಡನ್ ಪ್ರದರ್ಶನದಲ್ಲಿ ‘ಪಾರ್ಕಸೀನ್’ ಎಂಬ ಹೆಸರಿನಿಂದ ಮೆರೆಯಿಸಿದನು. ೧೮೬೬ರಲ್ಲಿ ಕಂಪೆನಿಯೂ ಹುಟ್ಟಿತು. ಆದರೆ ಅಗ್ಗದ ಸರಕನ್ನು ಅವಸರದಲ್ಲಿ ಮಾರುಕಟ್ಟೆಗೆ ತಂದರೆ ಆಗುವುದೇನು? ದ್ರಾವಕವು ಆರಿದಂತೆಲ್ಲ ಬಾಚಣಿಗೆಗಳು ಸುಕ್ಕುಗಟ್ಟಿ ಸೊಟ್ಟಗಾದುವು. ಎರಡೇ ವರ್ಷಗಳಲ್ಲಿ ಕಂಪೆನಿಯ ಬಾಗಿಲು ಮುಚ್ಚಿತು. ಅಲ್ಲಿ ಮೇಲ್ವಿಚಾರಕನಾಗಿದ್ದ ಡೇನಿಯಲ್ ಸ್ಪಿಲ್ಲನು ಆ ಕಸಬನ್ನೇ ಮುಂದುವರಿಸಿ, ಕರ್ಪೂರ ಮತ್ತು ಮದ್ಯಸಾರಗಳ ದ್ರಾವಕಕ್ಕೆ ಪೇಟೆಂಟು ಪಡೆದನು.

ಇತ್ತ ಅಮೆರಿಕದ ಆಲ್ಬನಿ ನಗರದಲ್ಲಿ ಜಾನ್ ವೆಸ್ಲಿ ಹಯಟ್ ಎಂಬ ಮುದ್ರಣಕಾರನಿದ್ದನು. ಬಿಲಿಯರ್ಡ್ಸ್ ಚೆಂಡಿಗೆ ಆನೆಯ ದಂತದ ಬದಲು ಬೇರೆ ವಸ್ತುವನ್ನು ಒದಗಿಸಿದವರಿಗೆ ೧೦,೦೦೦ ಡಾಲರುಗಳ ಬಹುಮಾನವೆಂಬ ಪ್ರಕಟಣೆ ಆತನ ಕಣ್ಣಿಗೆ ಬಿದ್ದಿತು. ಅವನ ಮೊದಮೊದಲಿನ ಚೆಂಡುಗಳು ಒಂದಕ್ಕೊಂದು ತಾಕಿದಾಗ ಕೆಲವೊಮ್ಮೆ ‘ಢಬ್’ ಎನ್ನುತ್ತಿದ್ದುವಂತೆ. ಆ ಸದ್ದಿಗೆ ತನ್ನ ಅಂಗಡಿಯಲ್ಲಿದ್ದವರೆಲ್ಲ ಪಿಸ್ತೂಲಿಗೆ ಕೈಹಾಕುವರೆಂದು ಕೊಲರಾಡೋದ ಪಾನಗೃಹದವನೊಬ್ಬನು ಬರೆದಿದ್ದನೆಂದು ಹಯಟ್ಟನೇ ಮುಂದೆ ಹೇಳಿಕೊಂಡಿದ್ದಾನೆ!

ಕರ್ಪೂರವನ್ನು ಬೆರೆಸಿ, ಕಾಯಿಸಿ, ಬಲವಾಗಿ ಒತ್ತುವ ವಿಧಾನಕ್ಕೆ ಹಯಟ್ ಸೋದರರು ೧೮೭೦ರಲ್ಲಿ ಪೇಟೆಂಟು ಪಡೆದರು. ಗುಟ್ಟೆಲ್ಲ ಇಲ್ಲಿಯೇ ಇದ್ದಿತು. ಇತರ ದ್ರಾವಕಗಳು ಹಾರಿಹೋಗುತ್ತವೆ. ಕರ್ಪೂರದ ಬಹುಭಾಗವು ಒಳಗೇ ಉಳಿದು ವಸ್ತುವನ್ನು ಬಾಗುವಂತೆಯೂ ಬಿರಿಯದಂತೆಯೂ ಕಾಯುತ್ತದೆ. ‘ಸೆಲ್ಯುಲಾಯ್ಡ್’ ಮನೆಮಾತಾಯಿತು.

೧೮೭೭ರಲ್ಲಿ ಸ್ಪಿಲ್ಲನು ಅವರ ಕಂಪೆನಿಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿದನು. ೧೮೮೦ರಲ್ಲಿ ನ್ಯಾಯಾಧೀಶ ಬ್ಲಾಚ್‌ಫರ್ಡರು ಅವನ ಪರವಾಗಿ ತೀರ್ಪಿತ್ತರು. ಪರದೇಶದಲ್ಲಿ ಗೆದ್ದ ಸಂತೋಷವು ಬಹುಕಾಲ ಬಾಳಲಿಲ್ಲ. ೧೮೮೪ರಲ್ಲಿ ಅದೇ ನ್ಯಾಯಾಧೀಶರು ತಮ್ಮ ತೀರ್ಪನ್ನು ತಾವೇ ತಿರುಗಿಸಿದರು: ಕರ್ಪೂರದ ಉಪಯೋಗವನ್ನು ಪಾರ್ಕ್ಸನು ಮೊದಲೇ ಪ್ರಕಟಿಸಿದ್ದುದರಿಂದ ಸ್ಪಿಲ್ಲನ ಹಕ್ಕು ನಿಲ್ಲದು! ಹಳೆಯ ಧಣಿಯ ಕಾಗದಗಳೇ ಸೇವಕನನ್ನು ಸೋಲಿಸಿದುವು. ವಿಧಿಯ ಇಂಥ ಚೇಷ್ಟೆಯನ್ನು ಕಾದಂಬರಿಕಾರನು ಕಲ್ಪಿಸಿದ್ದರೆ ಅತಿಯಾಯಿತೆನ್ನುತ್ತಿದ್ದೆವು.

ಮೂರು ವರ್ಷಗಳಲ್ಲಿ ಸ್ಪಿಲ್ಲನು ತೀರಿಕೊಂಡನು. ಹಯಟ್ಟನಿಗೆ ೧೯೧೪ರಲ್ಲಿ ಪರ್ಕಿನ್ ಪದಕದ ಗೌರವ ದೊರೆಯಿತು. ಸೆಲ್ಯುಲಾಯ್ಡಿನಿಂದ ಬೊಂಬೆ, ಕಾಲರು, ಸಿನಿಮಾ ಫಿಲ್ಮುಗಳಾದುವು. ೨೦೧೪ರವರೆಗೂ ದೊಡ್ಡ ಟೇಬಲ್ ಟೆನಿಸ್ ಪಂದ್ಯಗಳ ಚೆಂಡುಗಳು ಇದರಿಂದಲೇ ಆಗುತ್ತಿದ್ದುವು. ಮನೆಯ ಮೂಲೆಯಲ್ಲಿ ಅಂಥ ಹಳೆಯ ಚೆಂಡು ಒಡೆದು ಬಿದ್ದಿದ್ದರೆ ಮಕ್ಕಳಿಗೆ ಮೂಸಿ ನೋಡಲು ಕೊಡಿ. ದೇವರ ಮನೆಯ ಪರಿಮಳವನ್ನು ಅವರು ಗುರುತಿಸಿಯಾರು.