ವಿರೂಪಾಕ್ಷನ ಅಂಗಳ: ಪೂಜೆಯೂ ಸಂರಕ್ಷಣೆಯೂ

ಹಂಪಿಯ ಬಹುಪಾಲು ಗುಡಿಗಳಲ್ಲಿ ಈಗ ದೇವರಿಲ್ಲ. 1565ರ ಯುದ್ಧದ ನಂತರ ವಿಜಯನಗರ ಹಾಳಾಯಿತು. ವಿಠ್ಠಲ, ಅಚ್ಯುತರಾಯ ದೇವಾಲಯಗಳ ಗರ್ಭಗುಡಿಗಳು ಬರಿದಾದವು. ಆದರೆ ಸಾಮ್ರಾಜ್ಯ ಹುಟ್ಟುವ ಮೊದಲೇ ಇದ್ದ ವಿರೂಪಾಕ್ಷನ ಸನ್ನಿಧಿಯಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಚೈತ್ರದಲ್ಲಿ ತೇರು, ಚಳಿಗಾಲದಲ್ಲಿ ಪಂಪಾ–ವಿರೂಪಾಕ್ಷರ ನಿಶ್ಚಿತಾರ್ಥವಾದ ಫಲಪೂಜೆ. ಸುತ್ತಲಿನ ಹಳ್ಳಿಗಳ ಜನರಿಗೆ ಇದು ಸ್ಮಾರಕವಲ್ಲ, ಮನೆದೇವರ ಗುಡಿ.

1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುಮಾರು 41 ಚದರ ಕಿಲೋಮೀಟರ್ ಪ್ರದೇಶದಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳಿವೆ. ವಿರೂಪಾಕ್ಷ ದೇವಾಲಯದಲ್ಲಿ ಕಟ್ಟಡದ ರಕ್ಷಣೆ ಪುರಾತತ್ತ್ವ ಇಲಾಖೆಯದು, ಪೂಜೆ ಮತ್ತು ಹುಂಡಿಯ ಆಡಳಿತ ಮುಜರಾಯಿ ಇಲಾಖೆಯದು. ಭಕ್ತರಿಗೆ ಬೇಕಾದ ಒಂದು ನೆರಳು, ಒಂದು ನಲ್ಲಿ, ಒಂದು ದೀಪದ ಕಂಬಕ್ಕೂ ಎರಡು ಇಲಾಖೆಗಳು ಒಪ್ಪಬೇಕು. ಹಂಪಿಯ ಕಷ್ಟ ಬಹಳಷ್ಟು ಇಲ್ಲೇ ಇದೆ.

ಪೂಜೆಯಿಂದ ಕಲ್ಲಿಗೆ ಹಾನಿಯೇ ಇಲ್ಲ ಎನ್ನಲಾಗದು. ಕೃಷ್ಣದೇವರಾಯ 1510ರ ಸುಮಾರಿಗೆ ಕಟ್ಟಿಸಿದ ರಂಗಮಂಟಪದ ಚಾವಣಿಯಲ್ಲಿ ಗಿರಿಜಾಕಲ್ಯಾಣ, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರು, ಮತ್ಸ್ಯಯಂತ್ರ ಭೇದಿಸುವ ಅರ್ಜುನ ಮುಂತಾದ ವರ್ಣಚಿತ್ರಗಳಿವೆ. ಕೆಳಗೆ ಉರಿಯುವ ದೀಪ, ಕರ್ಪೂರಗಳ ಹೊಗೆ ಮೇಲೇರಿ ಬಣ್ಣದ ಮೇಲೆ ಮಸಿಯಾಗಿ ಕೂರುತ್ತದೆ. ಕಂಬಕ್ಕೆ ಸವರಿದ ಎಣ್ಣೆಗೆ ದೂಳು ಮೆತ್ತಿ ಕೆತ್ತನೆಯ ಗೆರೆಗಳು ಮುಚ್ಚಿಹೋಗುತ್ತವೆ. ಹಾಗೆಂದು ದೀಪ ಆರಿಸಿದರೆ ಗುಡಿ ಉಳಿಯಿತು ಎನ್ನುವಂತೆಯೂ ಇಲ್ಲ. ದಿನವೂ ಗುಡಿಸಿ, ತೊಳೆದು, ಸೋರುವ ಜಾಗ ಗುರುತಿಸುವವರು ಪೂಜೆಯ ನೆಪದಲ್ಲೇ ಅಲ್ಲಿರುತ್ತಾರೆ.

ದೊಡ್ಡ ಶತ್ರು ನೀರು. ಸಾಲುಮಂಟಪಗಳಲ್ಲಿ ಕಂಬ, ತೊಲೆ, ಚಪ್ಪಡಿಗಳು ಗಾರೆಯಿಲ್ಲದೆ ತಮ್ಮ ಭಾರದಿಂದಲೇ ಒಂದರ ಮೇಲೊಂದು ನಿಂತಿರುತ್ತವೆ. ಬುಡದ ಮಣ್ಣು ನೆನೆದು ಕುಗ್ಗಿದರೆ ಕಂಬ ವಾಲುತ್ತದೆ, ಅದರೊಂದಿಗೆ ತೊಲೆ ಜಾರುತ್ತದೆ. 2024ರ ಮೇ ತಿಂಗಳ ಮಳೆಯಲ್ಲಿ ದೇವಾಲಯದ ಮುಂದಿನ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಇಟ್ಟಿಗೆ ಮತ್ತು ಗಾರೆಯ ಗೋಪುರಗಳಲ್ಲಿ ಸಮಸ್ಯೆ ಬೇರೆ ಬಗೆಯದು: ಬಿರುಕಿಗೆ ಸಿಮೆಂಟ್ ತುಂಬಿದರೆ ಒಳಗಿನ ತೇವ ಹೊರಬರದೆ ಹಳೆಯ ಇಟ್ಟಿಗೆಯೇ ಪುಡಿಯಾಗುತ್ತದೆ. ಆದ್ದರಿಂದಲೇ ದುರಸ್ತಿಗೆ ಸುಣ್ಣದ ಗಾರೆ, ಅದಕ್ಕೆ ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸುವ ಹಳೆಯ ಕ್ರಮ ಇನ್ನೂ ಬಳಕೆಯಲ್ಲಿದೆ.

ಅದೇ ರಥಬೀದಿಯ ಮಂಟಪಗಳಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಲಾಯಿತು. ಅನೇಕ ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ನೆಲೆ ಕೊಡಲಾಯಿತು. ಒತ್ತುವರಿ ತೆರವು ಕಾನೂನಿನ ಪ್ರಕಾರ ಸರಿಯೇ. ಆದರೆ ತೇರಿನ ಬೀದಿ ಮೊದಲಿನಿಂದಲೂ ಪೇಟೆಬೀದಿಯೇ ಆಗಿತ್ತು. ಯಾತ್ರಿಕರಿಗೆ ಊಟ, ವಸತಿ ಕೊಡುತ್ತಿದ್ದ ಊರಿನವರನ್ನು ಸಂರಕ್ಷಣೆಯ ಪಾಲುದಾರರನ್ನಾಗಿ ಮಾಡಿಕೊಳ್ಳದೆ ದೂರವಿಟ್ಟದ್ದು ದೊಡ್ಡ ನಷ್ಟ.

ಸೌಕರ್ಯದ ಹೆಸರಿನ ಕಾಮಗಾರಿಯೂ ಹಂಪಿಯನ್ನು ಕಾಡಿದೆ. ಆನೆಗೊಂದಿಯ ಬಳಿ ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟಾಗ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಹಂಪಿಗೆಂದೇ ನಿರ್ವಹಣಾ ಪ್ರಾಧಿಕಾರ ಬಂದು, 2006ರಲ್ಲಿ ಹೆಸರು ಆ ಪಟ್ಟಿಯಿಂದ ಹೊರಬಂತು. ಅರೆಬರೆ ನಿಂತಿದ್ದ ಆ ಸೇತುವೆ 2009ರಲ್ಲಿ ಕುಸಿಯಿತು.

ವಿಠ್ಠಲ ದೇವಾಲಯದಲ್ಲಿ ನಿಯಮ ಜಾರಿ ಸುಲಭ. ವಾಹನಗಳು ದೂರದಲ್ಲೇ ನಿಲ್ಲುತ್ತವೆ, ಅಲ್ಲಿಂದ ಬ್ಯಾಟರಿ ಗಾಡಿ. ಸಂಗೀತ ಕಂಬಗಳನ್ನು ಬಡಿಯುವಂತಿಲ್ಲ, ಕಲ್ಲಿನ ರಥದ ಸುತ್ತ ಬೇಲಿ. ವಿರೂಪಾಕ್ಷನ ಗುಡಿಯಲ್ಲಿ ಭಕ್ತರಿಗೆ ಬೇಲಿ ಹಾಕಲಾಗದು. ಅಲ್ಲಿ ಬೇಕಾದದ್ದು ಚಿತ್ರಗಳ ಕೆಳಗಿನ ದೀಪಗಳಿಗೆ ಅಂಗಳದಲ್ಲಿ ಬೇರೆ ಜಾಗ, ತೇರಿನ ದಿನದ ಜನಸಂದಣಿಗೆ ಮೊದಲೇ ಗೊತ್ತುಪಡಿಸಿದ ದಾರಿ, ಮಳೆಗಾಲಕ್ಕೆ ಮುಂಚೆ ಪ್ರತಿ ಮಂಟಪದ ಬುಡದ ಪರಿಶೀಲನೆ. ಅರ್ಚಕರು, ಊರವರು, ಎರಡೂ ಇಲಾಖೆಗಳು ಒಟ್ಟಿಗೆ ಕೂತು ಇದನ್ನು ನಿರ್ಧರಿಸಬೇಕು.