ನಿಮಗಿದು ಗೊತ್ತೆ? ಲೂಪಸ್‌ನಲ್ಲಿ ಸೊರಗುವ ಕಾವಲು ಕೋಶಗಳು

ಮೂಗಿನ ಇಕ್ಕೆಲಕ್ಕೂ ಚಿಟ್ಟೆಯಾಕಾರದ ಕೆಂಪು ದದ್ದು, ಕೀಲುನೋವು, ಕೆಲವರಲ್ಲಿ ಮೂತ್ರಪಿಂಡಕ್ಕೂ ಪೆಟ್ಟು: ಲೂಪಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ಎರಗುತ್ತದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಇಂಥ ದಾಳಿಯನ್ನು ತಡೆಯುವ ನಿಯಂತ್ರಕ ಟಿ ಕೋಶಗಳನ್ನು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇಲಿಗಳಲ್ಲಿ ಗುರುತಿಸಿದರು. 2025ರ ವೈದ್ಯಕೀಯ ನೊಬೆಲ್‌ನಲ್ಲಿ ಅವರೂ ಪಾಲುದಾರರು.

ಲೂಪಸ್‌ನಲ್ಲಿ ಈ ಕೋಶಗಳು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿದರೆ, ಸಾಕಷ್ಟಿವೆ, ಹೆಚ್ಚೇ ಇವೆ ಎಂದವೂ ಉಂಟು. ಅಷ್ಟಕ್ಕೇ ಇವುಗಳ ಪಾತ್ರವನ್ನು ತಳ್ಳಿಹಾಕುವುದು ಸರಿಯಲ್ಲ. ಗುರುತಿಗೆ ಬಳಸುವ ಫಾಕ್ಸ್‌ಪಿ3 ಪ್ರೋಟೀನು ಮನುಷ್ಯರಲ್ಲಿ ಕೆರಳಿದ ಸಾಮಾನ್ಯ ಟಿ ಕೋಶಗಳಲ್ಲೂ ಸ್ವಲ್ಪ ಕಾಲ ಕಾಣಿಸುತ್ತದೆ. ಹಾಗಾಗಿ ಬರೀ ಎಣಿಕೆ ದಾರಿ ತಪ್ಪಿಸಬಲ್ಲದು. ನನಗೆ ಗಟ್ಟಿಯೆನಿಸುವ ಸುಳಿವು ಬೇರೆ. ನಿಯಂತ್ರಕ ಕೋಶಗಳು ಬದುಕಲು ಇಂಟರ್‌ಲ್ಯೂಕಿನ್-2 ಎಂಬ ಸಂಕೇತವಾಹಕ ಪ್ರೋಟೀನು ಬೇಕೇ ಬೇಕು, ಅದನ್ನವು ತಾವೇ ತಯಾರಿಸಿಕೊಳ್ಳಲಾರವು. ಲೂಪಸ್ ರೋಗಿಗಳ ಟಿ ಕೋಶಗಳೋ ಅದನ್ನು ಸ್ರವಿಸುವುದೇ ಕಡಿಮೆ. ಅದನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿದಾಗ ನಿಯಂತ್ರಕ ಕೋಶಗಳು ಹೆಚ್ಚಿದವು. ಚಿಕಿತ್ಸೆಯಾಗಿ ಇದು ಇನ್ನೂ ಸಾಬೀತಾಗಿಲ್ಲ, ನಿಜ: ಚೀನಾದಲ್ಲಿ 60 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ, 12ನೇ ವಾರದ ನಿಗದಿತ ಗುರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಆದರೆ 24ನೇ ವಾರದ ಹೊತ್ತಿಗೆ ಔಷಧ ಪಡೆದವರಲ್ಲೇ ಸುಧಾರಣೆ ಸ್ಪಷ್ಟವಾಗಿ ಹೆಚ್ಚಿತ್ತು.