ಅಚ್ಚಿಗೆ ಹೋಗುವ ಮುನ್ನ
ಆಫ್‌ಸೆಟ್ ಮುದ್ರಣಕ್ಕೆ ವಿನ್ಯಾಸವನ್ನು ಸಿದ್ಧಪಡಿಸುವ ಬಗೆ

ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಹಳ್ಳಿಯ ಶಿಬಿರಕ್ಕಾಗಿ ಒಂದು ಕರಪತ್ರ ಸಿದ್ಧಪಡಿಸಿದರು ಎಂದಿಟ್ಟುಕೊಳ್ಳೋಣ. ಭೇದಿಯಿಂದ ನಿತ್ರಾಣವಾದ ಮಗುವಿಗೆ ಮನೆಯಲ್ಲೇ ಮಾಡಿ ಕೊಡಬಹುದಾದ ದ್ರಾವಣದ ವಿವರ ಅದರಲ್ಲಿದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರು, ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬರೆದವರು ‘ಅರ್ಧ’ ಎಂಬ ಪದದ ಬದಲು ½ ಎಂಬ ಚಿಹ್ನೆ ಹಾಕಿದರು. ಅವರ ಕಂಪ್ಯೂಟರಿನಲ್ಲಿ ಅದು ಸರಿಯಾಗಿಯೇ ಕಂಡಿತು. ಮುದ್ರಣಾಲಯದ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಚಿಹ್ನೆಯ ಜಾಗ ಖಾಲಿ ಉಳಿಯಿತು. ಈಗ ಕರಪತ್ರದಲ್ಲಿ ಇರುವುದು ‘ಟೀ ಚಮಚ ಉಪ್ಪು’ ಎಂದಷ್ಟೇ. ಓದಿದ ತಾಯಿ ಒಂದು ಚಮಚ ಎಂದುಕೊಂಡರೆ ತಪ್ಪೇನು? ಆದರೆ ಉಪ್ಪು ಎರಡರಷ್ಟಾದರೆ ಮಗುವಿನ ಜೀವಕ್ಕೇ ಅಪಾಯ.

ದೂರದರ್ಶನದಲ್ಲಿ ತಪ್ಪು ಶೀರ್ಷಿಕೆ ಬಂದರೆ ಮುಂದಿನ ಕ್ಷಣದಲ್ಲಿ ತಿದ್ದಬಹುದು, ಕ್ಷಮೆ ಕೇಳಬಹುದು. ಅಚ್ಚಾಗಿ ಹಂಚಿಹೋದ ಎರಡು ಸಾವಿರ ಹಾಳೆಗಳನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ಆದ್ದರಿಂದ ಮುದ್ರಣದಲ್ಲಿ ಹೆಚ್ಚಿನ ಎಚ್ಚರಿಕೆಯೆಲ್ಲ ಯಂತ್ರ ತಿರುಗುವುದಕ್ಕೆ ಮೊದಲೇ ಬೇಕು. ಯಾವ ಎಚ್ಚರಿಕೆ, ಏಕೆ ಎಂಬುದನ್ನು ತಿಳಿಯಲು ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ.

ಎಣ್ಣೆ ಮತ್ತು ನೀರಿನ ಜಗಳ

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ಆಫ್‌ಸೆಟ್ ಮುದ್ರಣ ನಿಂತಿರುವುದೇ ಈ ಸರಳ ಸಂಗತಿಯ ಮೇಲೆ. 1796ರ ಸುಮಾರಿನಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದ ಅಲೋಯ್ಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಿಸುವ ದಾರಿ ಹುಡುಕುತ್ತಾ ಕಲ್ಲಚ್ಚನ್ನು ಕಂಡುಹಿಡಿದ. ಸುಣ್ಣಕಲ್ಲಿನ ನುಣುಪು ಮೈಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಮಸಿಯ ಉರುಳೆ ಆಡಿಸಿದರೆ ಬರೆದ ಭಾಗ ಮಾತ್ರ ಮಸಿ ಹಿಡಿಯುತ್ತದೆ. ಒದ್ದೆಯ ಭಾಗ ಮಸಿಯನ್ನು ದೂರವಿಡುತ್ತದೆ. ಕನ್ನಡದ ಮೊದಲ ಪತ್ರಿಕೆಯೆಂದು ನಾವು ಗೌರವಿಸುವ, 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಇಂಥ ಕಲ್ಲಚ್ಚಿನಲ್ಲೇ.

ಇಂದು ಕಲ್ಲಿನ ಜಾಗದಲ್ಲಿ ತೆಳ್ಳನೆಯ ಅಲ್ಯೂಮಿನಿಯಂ ಪ್ಲೇಟು ಇದೆ. ಪ್ಲೇಟಿನ ಮೇಲಿನ ಚಿತ್ರ ನೇರವಾಗಿ ಕಾಗದಕ್ಕೆ ಬೀಳುವುದಿಲ್ಲ. ಮೊದಲು ರಬ್ಬರ್ ಹೊದಿಕೆಯ ಉರುಳೆಗೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಅಮೆರಿಕದ ಇರಾ ರೂಬೆಲ್ 1904ರ ಸುಮಾರಿನಲ್ಲಿ ಕಾಗದಕ್ಕೆ ಈ ವಿಧಾನವನ್ನು ಅಳವಡಿಸಿದ. ಯಂತ್ರಕ್ಕೆ ಹಾಳೆ ಹಾಕಲು ಮರೆತಾಗ ಮಸಿ ರಬ್ಬರಿಗೆ ಅಂಟಿ, ಮುಂದಿನ ಹಾಳೆಯ ಹಿಂಬದಿಯಲ್ಲಿ ಇನ್ನೂ ಸ್ಪಷ್ಟವಾಗಿ ಮೂಡಿದ್ದು ಅವನ ಕಣ್ಣಿಗೆ ಬಿತ್ತೆಂದು ಹೇಳುತ್ತಾರೆ. ಕಾಗದದ ಮೈ ನಮಗೆ ನುಣುಪಾಗಿ ಕಂಡರೂ ಅದರಲ್ಲಿ ಉಬ್ಬುತಗ್ಗುಗಳಿವೆ. ಮೆತ್ತನೆಯ ರಬ್ಬರ್ ಅವುಗಳಿಗೆ ಹೊಂದಿಕೊಳ್ಳುತ್ತದೆ. ಗಡಸು ಲೋಹ ಹೊಂದಿಕೊಳ್ಳುವುದಿಲ್ಲ.

ಬೆಳಕಿನ ಬಣ್ಣ, ಮಸಿಯ ಬಣ್ಣ

ಟಿವಿ ಮತ್ತು ಕಂಪ್ಯೂಟರ್ ಪರದೆಗಳು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ಮಾಡುತ್ತವೆ. ಮೂರೂ ಸೇರಿದರೆ ಬಿಳಿ. ಮುದ್ರಣದಲ್ಲಿ ಬಿಳಿ ಮೊದಲೇ ಇದೆ, ಅದು ಕಾಗದ. ಮಸಿಯ ಕೆಲಸ ಆ ಬಿಳಿಯಿಂದ ಕಳೆಯುವುದು. ಸಯಾನ್ ಮಸಿ ಕೆಂಪು ಬೆಳಕನ್ನು ಹೀರುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಮೂರೂ ಸೇರಿದರೆ ಲೆಕ್ಕದ ಪ್ರಕಾರ ಕಪ್ಪಾಗಬೇಕು. ನಿಜದ ಮಸಿಗಳಲ್ಲಿ ಬರುವುದು ಮಣ್ಣುಗಂದು. ಅದಕ್ಕಾಗಿ ನಾಲ್ಕನೆಯದಾಗಿ ಕಪ್ಪು ಮಸಿ. ಈ ನಾಲ್ಕರ ಪದ್ಧತಿಗೆ ಸಿಎಂವೈಕೆ ಎಂದು ಹೆಸರು. ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟು.

ಪರದೆಯ ಮೇಲೆ ಥಳಥಳಿಸುವ ಎಷ್ಟೋ ಹಸಿರು, ನೀಲಿಗಳನ್ನು ಮಸಿ ಕೊಡಲಾರದು. ಆದ್ದರಿಂದ ವಿನ್ಯಾಸವನ್ನು ಮುದ್ರಣಾಲಯಕ್ಕೆ ಕೊಡುವ ಮೊದಲೇ ಸಿಎಂವೈಕೆಗೆ ಬದಲಾಯಿಸಿ ನೋಡಿಕೊಳ್ಳಬೇಕು. ನಿರಾಶೆಯೇನಾದರೂ ಆಗುವುದಿದ್ದರೆ ನಿಮ್ಮ ಮೇಜಿನ ಮೇಲೇ ಆಗಲಿ.

ಇಲ್ಲಿ ಕಪ್ಪು ಅಕ್ಷರಗಳ ಬಗ್ಗೆ ವಿಶೇಷ ಗಮನ ಬೇಕು. ಪರದೆಯ ಕಪ್ಪನ್ನು ಹಾಗೆಯೇ ಬದಲಾಯಿಸಿದರೆ ಅದು ನಾಲ್ಕೂ ಮಸಿಗಳ ಮಿಶ್ರಣವಾಗುತ್ತದೆ. ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಅಂಟಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರಗಳ ಸಣ್ಣ ಸುಳಿಗಳು ಕಲಸಿಹೋಗುತ್ತವೆ. ಓದುವ ಪಠ್ಯ ಶೇಕಡ 100 ಕಪ್ಪು, ಉಳಿದ ಮೂರೂ ಸೊನ್ನೆ ಎಂದೇ ಇರಬೇಕು. ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೇಕಿದ್ದರೆ ದಪ್ಪನೆಯ, ದೊಡ್ಡ ಅಕ್ಷರವನ್ನೇ ಆರಿಸಿ. ಸಣ್ಣದಾದರೆ ಸುತ್ತಲಿನ ಮಸಿ ಅದನ್ನು ನುಂಗುತ್ತದೆ.

ಮಸಿಯ ಒಟ್ಟು ಮೊತ್ತಕ್ಕೂ ಮಿತಿಯುಂಟು. ನಾಲ್ಕೂ ಬಣ್ಣ ಪೂರ್ತಿ ಬಿದ್ದರೆ ಶೇಕಡ 400. ನುಣುಪು ಲೇಪದ ಕಾಗದ ಸಾಮಾನ್ಯವಾಗಿ 300ರ ಆಸುಪಾಸು ತಾಳುತ್ತದೆ, ಪತ್ರಿಕಾ ಕಾಗದ 240ರಷ್ಟು. ಮೀರಿದರೆ ಮಸಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಳ್ಳುತ್ತದೆ.

ಚುಕ್ಕಿಗಳ ಮೋಡಿ

ಆಫ್‌ಸೆಟ್ ಯಂತ್ರಕ್ಕೆ ‘ತಿಳಿ’ ಎಂಬುದು ಗೊತ್ತಿಲ್ಲ. ಒಂದು ಜಾಗದಲ್ಲಿ ಮಸಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ಹಾಗಾದರೆ ಫೋಟೋದಲ್ಲಿ ಬೂದು ಛಾಯೆ ಬರುವುದು ಹೇಗೆ? ಸಣ್ಣ ಚುಕ್ಕಿಗಳಿಂದ. ತಿಳಿ ಜಾಗದಲ್ಲಿ ಪುಟ್ಟ ಚುಕ್ಕಿ, ಗಾಢ ಜಾಗದಲ್ಲಿ ದೊಡ್ಡ ಚುಕ್ಕಿ. ಒಳ್ಳೆಯ ಕಾಗದದ ಮೇಲೆ ಅಂಗುಲಕ್ಕೆ 150 ಸಾಲು ಚುಕ್ಕಿಗಳಿರುತ್ತವೆ. ಅಂದರೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು 0.17 ಮಿಲಿಮೀಟರ್. ಮೂವತ್ತು ಸೆಂಟಿಮೀಟರ್ ದೂರದಿಂದ ಓದುವಾಗ ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಮಿತಿ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಚುಕ್ಕಿಗಳು ಬೆರೆತು ಛಾಯೆಯಾಗಿ ಕಾಣುತ್ತವೆ. ಪತ್ರಿಕೆಯ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ನಾಲ್ಕು ಬಣ್ಣಗಳ ಚುಕ್ಕಿಸಾಲುಗಳನ್ನು ಒಂದೇ ಕೋನದಲ್ಲಿ ಇಡುವಂತಿಲ್ಲ. ಸಾಮಾನ್ಯವಾಗಿ ಸಯಾನ್ 15 ಡಿಗ್ರಿ, ಕಪ್ಪು 45, ಮಜೆಂಟಾ 75, ಹಳದಿ 90 ಡಿಗ್ರಿ. ಇಲ್ಲವಾದರೆ ಒಂದು ಜಾಲರಿ ಇನ್ನೊಂದರ ಮೇಲೆ ಬಿದ್ದು ಬೇಡದ ಅಲೆಗಳು ಮೂಡುತ್ತವೆ. ಇದಕ್ಕೆ ಮೋರೆ ಎಂದು ಹೆಸರು. ಸ್ಟುಡಿಯೋಗೆ ಬರುವ ಅತಿಥಿಗಳಿಗೆ ‘ಸಣ್ಣ ಗೆರೆಯ ಅಂಗಿ ಬೇಡ’ ಎಂದು ನಾವು ವಿನಂತಿಸುವುದೂ ಇದೇ ಕಾರಣಕ್ಕೆ. ಅಂಗಿಯ ಗೆರೆಗಳು ಕ್ಯಾಮೆರಾದ ಸಾಲುಗಳೊಡನೆ ಸೇರಿ ತೆರೆಯ ಮೇಲೆ ನಲಿಯತೊಡಗುತ್ತವೆ. ಒಮ್ಮೆ ಅಚ್ಚಾದ ಚಿತ್ರವನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚಿಗೆ ಕೊಡಬಾರದು ಎನ್ನುವುದು ಸಹ ಇದರಿಂದಲೇ. ಮೂಲ ಫೋಟೋವನ್ನೇ ಹುಡುಕಿ ತನ್ನಿ.

ಚಿತ್ರ ಎಷ್ಟು ದೊಡ್ಡದಿರಬೇಕು?

ಚುಕ್ಕಿಸಾಲುಗಳ ಎರಡರಷ್ಟು ಪಿಕ್ಸೆಲ್ ಬೇಕೆಂಬುದು ರೂಢಿಯ ನಿಯಮ. 150 ಸಾಲಿಗೆ ಅಂಗುಲಕ್ಕೆ 300 ಪಿಕ್ಸೆಲ್. ಹತ್ತು ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 1180 ಪಿಕ್ಸೆಲ್ ಬೇಕಾಯಿತು. ಹಳೆಯ ದೂರದರ್ಶನ ವ್ಯವಸ್ಥೆಯ ಡಿಜಿಟಲ್ ಚಿತ್ರದ ಅಗಲ 720 ಪಿಕ್ಸೆಲ್. ಇಡೀ ಪರದೆ ತುಂಬುತ್ತಿದ್ದ ಆ ಚಿತ್ರ ಕಾಗದದ ಮೇಲೆ ಆರು ಸೆಂಟಿಮೀಟರಿಗೇ ಸುಸ್ತಾಗುತ್ತದೆ! 1920 ಪಿಕ್ಸೆಲ್ಲಿನ ಹೈ ಡೆಫಿನಿಷನ್ ಚಿತ್ರವೂ ಹದಿನಾರು ಸೆಂಟಿಮೀಟರ್ ದಾಟದು. ಮೊಬೈಲ್ ಸಂದೇಶದಲ್ಲಿ ಬಂದ ಫೋಟೋಗಳು ದಾರಿಯಲ್ಲೇ ಕುಗ್ಗಿರುವುದು ಸಾಮಾನ್ಯ. ಕಂಪ್ಯೂಟರಿನಲ್ಲಿ ಸಂಖ್ಯೆಯನ್ನು ಹಿಗ್ಗಿಸಬಹುದು. ಇಲ್ಲದ ವಿವರವನ್ನು ಅದು ತಂದುಕೊಡುವುದಿಲ್ಲ.

ಅಂಚು ಮತ್ತು ಪುಟ

ಅಚ್ಚಾದ ಹಾಳೆಗಳ ರಾಶಿಯನ್ನು ಒಟ್ಟಿಗೆ ಕತ್ತರಿಸುವಾಗ ಅಲಗು ಒಂದು ಮಿಲಿಮೀಟರ್ ಅತ್ತಿತ್ತ ಆಗುವುದು ಸಹಜ. ಬಣ್ಣ ಸರಿಯಾಗಿ ಅಂಚಿಗೇ ನಿಂತಿದ್ದರೆ ಬಿಳಿ ಗೀಟು ಕಾಣುತ್ತದೆ. ಆದ್ದರಿಂದ ಹಿನ್ನೆಲೆಯನ್ನು ನಾಲ್ಕೂ ಕಡೆ 3 ಮಿಲಿಮೀಟರ್ ಹೊರಕ್ಕೆ ಚಾಚಬೇಕು. ಇದೇ ಬ್ಲೀಡ್. 210ಕ್ಕೆ 297 ಮಿಲಿಮೀಟರಿನ ಎ4 ಪುಟ ಹೀಗೆ 216ಕ್ಕೆ 303 ಆಗುತ್ತದೆ. ಪಠ್ಯ ಮಾತ್ರ ಅಂಚಿನಿಂದ ಕನಿಷ್ಠ 5 ಮಿಲಿಮೀಟರ್ ಒಳಗಿರಲಿ. ಹಳೆಯ ಪಿಕ್ಚರ್ ಟ್ಯೂಬುಗಳು ಚಿತ್ರದ ಅಂಚನ್ನು ಮರೆಮಾಡುತ್ತಿದ್ದುದರಿಂದ ನಾವೂ ಶೀರ್ಷಿಕೆಗಳನ್ನು ನಡುವಿನ ಶೇಕಡ 80 ಭಾಗದೊಳಗೇ ಇಡುತ್ತಿದ್ದೆವು.

ಪುಟಗಳ ಸಂಖ್ಯೆಯೂ ಮನಬಂದಂತೆ ಇರಲಾಗದು. ಒಂದು ಹಾಳೆಯನ್ನು ಅಡ್ಡ ಉದ್ದವಾಗಿ ಮೂರು ಬಾರಿ ಮಡಚಿ, ಪುಸ್ತಕದಂತೆ 1ರಿಂದ 16ರವರೆಗೆ ಪುಟಸಂಖ್ಯೆ ಬರೆದು, ಬಿಡಿಸಿ ನೋಡಿ. 1ರ ಪಕ್ಕದಲ್ಲಿ 16, 4ರ ಪಕ್ಕದಲ್ಲಿ 13! ಬೆನ್ನಿನ ಮಡಿಕೆಯ ಎರಡು ಬದಿಯ ಪುಟಗಳನ್ನು ಕೂಡಿದರೆ ಯಾವಾಗಲೂ 17. ಈ ಜೋಡಣೆಯನ್ನು ಮುದ್ರಣಾಲಯ ಮಾಡಿಕೊಳ್ಳುತ್ತದೆ. ನೀವು ಪುಟಗಳನ್ನು ಓದುವ ಕ್ರಮದಲ್ಲೇ ಕೊಡಿ, ಒಟ್ಟು ಸಂಖ್ಯೆ ನಾಲ್ಕರ, ಸಾಧ್ಯವಾದರೆ ಎಂಟು ಅಥವಾ ಹದಿನಾರರ ಗುಣಕವಾಗಿರಲಿ.

ಕನ್ನಡ ಅಕ್ಷರದ ಕಷ್ಟ

ಈಗ ಮತ್ತೆ ಆ ಅರ್ಧ ಚಮಚದ ಮಾತು. ಯೂನಿಕೋಡ್‌ಗೆ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಸಂಕೇತಸಂಖ್ಯೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಫಾಂಟ್ ಬದಲಾದರೆ ಇಡೀ ಕವಿತೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ, ಚಿಹ್ನೆಯಿದ್ದಲ್ಲಿ ಇನ್ನೇನೋ ಬರುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವುದರಿಂದ ಈ ಗೊಂದಲ ಕಡಿಮೆ. ಆದರೂ ಭಾರತೀಯ ಲಿಪಿಗಳ ಜೋಡಣೆ ಅರಿಯದ ವಿನ್ಯಾಸ ತಂತ್ರಾಂಶದಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುವುದುಂಟು.

ಪರಿಹಾರ ಎರಡು. ಒಂದು, ಫಾಂಟುಗಳನ್ನು ಒಳಗೇ ಸೇರಿಸಿಕೊಂಡ ಪಿಡಿಎಫ್ ಕೊಡುವುದು. ಮುದ್ರಣಕ್ಕೆಂದೇ ರೂಪಿಸಿದ ಪಿಡಿಎಫ್/ಎಕ್ಸ್-1ಎ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದು ಕಡ್ಡಾಯ. ಇನ್ನೊಂದು, ಅಕ್ಷರಗಳನ್ನು ರೇಖಾಚಿತ್ರಗಳಾಗಿ ಪರಿವರ್ತಿಸುವುದು. ಆಮೇಲೆ ತಿದ್ದಲು ಬಾರದ್ದರಿಂದ ಮೂಲ ಪ್ರತಿಯನ್ನು ಬೇರೆ ಇಟ್ಟುಕೊಂಡಿರಬೇಕು.

ಇಷ್ಟಾದ ಮೇಲೂ ಕೊನೆಯ ಪ್ರೂಫನ್ನು ನಿಮ್ಮ ಪರದೆಯಲ್ಲಲ್ಲ, ಮುದ್ರಣಾಲಯದ ಫೈಲಿನಿಂದ ತೆಗೆದ ಕಾಗದದ ಮೇಲೆ ಓದಿ. ವಿನ್ಯಾಸ ಮಾಡಿದವರ ಕಣ್ಣು ತಾನು ಬರೆದದ್ದನ್ನೇ ಕಾಣುತ್ತದೆ; ಆದ್ದರಿಂದ ಅದನ್ನು ಹಿಂದೆ ನೋಡಿರದ ಒಬ್ಬರಿಗೆ ಓದಲು ಕೊಡಿ. ಹೆಸರು, ದಿನಾಂಕ, ದೂರವಾಣಿ ಸಂಖ್ಯೆ, ಅಳತೆಗಳನ್ನು ಒಬ್ಬರು ಮೂಲದಿಂದ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನಲ್ಲಿ ಬೆರಳಿಟ್ಟು ಒಪ್ಪಿಸಲಿ. ಪ್ಲೇಟು ಆಗುವ ಮುನ್ನ ತಿದ್ದಲು ಬೇಕಾದದ್ದು ಕೆಲವು ನಿಮಿಷ. ಆದ ಮೇಲೆ ಹೊಸ ಪ್ಲೇಟು, ಅಚ್ಚಾದ ಮೇಲೆ ಹೊಸ ಕಾಗದ. ಇನ್ನು ಆ ಕರಪತ್ರದಲ್ಲಿ ಚಿಹ್ನೆಯನ್ನೇ ಬಿಟ್ಟು ‘ಅರ್ಧ’ ಎಂದು ಅಕ್ಷರದಲ್ಲೇ ಬರೆಯುವುದು ಎಲ್ಲಕ್ಕಿಂತ ಒಳ್ಳೆಯದು.